ನೆವರ್ನ್ ಚರ್ಚಿನ ಕಲ್ಲುಗಳು: ಕುಕೂ ಹಕ್ಕಿಯ ಕಥೆ ಯಾವುದರದ್ದು? ಓಗಮ್ ಓದುವುದು ಹೇಗೆ?

ಶಾಸನಾಸಕ್ತ: ವೇಲ್ಸಿನ ಪೆಂಬ್ರೋಕ್‌ಶೈರ್‌ನ ನೆವರ್ನ್‌ನಲ್ಲಿ ಸಂತ ಬ್ರಿನಾಕ್‌ನ ಚರ್ಚಿದೆ. ಅಂಗಳದ ಕಲ್ಲಿನ ಮೇಲೆ ಏಪ್ರಿಲ್ 7ಕ್ಕೆ, ಸಂತನ ಹಬ್ಬದಂದು, ವರ್ಷದ ಮೊದಲ ಕುಕೂ ಬಂದು ಕೂಗುತ್ತದೆ ಎಂಬ ಕಥೆಯನ್ನು ಕೆಲವರು ವಿಟಾಲಿಯಾನಸ್ ಎಂಬ ಹೆಸರು ಕೊರೆದ ಕಲ್ಲಿಗೆ, ಕೆಲವರು ದೊಡ್ಡ ಶಿಲುಬೆಗೆ ಹೇಳುತ್ತಾರೆ. ಯಾವುದು ಸರಿ? ವಿಟಾಲಿಯಾನಸ್ ಕಲ್ಲಿನ ಓಗಮ್ (ಗೀರುಗಳಲ್ಲೇ ಬರೆಯುವ ಪ್ರಾಚೀನ ಐರಿಷ್ ಲಿಪಿ) ಗೀರುಗಳನ್ನು ಫೋಟೋದಲ್ಲಿ ಓದುವ ಕ್ರಮವೂ ಬೇಕು.

ಹಳೆಗಲ್ಲು: ಶಿಲುಬೆಯದ್ದೇ. ಪೆಂಬ್ರೋಕ್‌ಶೈರ್‌ನ ಇತಿಹಾಸಕಾರ ಜಾರ್ಜ್ ಓವೆನ್ 1603ರಲ್ಲಿ ಈ ಕಥೆ ಬರೆದಾಗ, ಕಲ್ಲಿನ ಮೇಲೆ ಬಗೆಬಗೆಯ ಗಂಟುಗಳ ಕೆತ್ತನೆ ಇದೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಹೆಣೆದ ಗಂಟುಗಳಿರುವುದು ಸುಮಾರು 4 ಮೀಟರ್ ಎತ್ತರದ ಶಿಲುಬೆಯಲ್ಲಿ. ಅದು 10-11ನೇ ಶತಮಾನದ್ದು. ತಲೆಭಾಗವನ್ನು ಬೇರೆ ಕಲ್ಲಿನಲ್ಲಿ ಕಡೆದು ಕಂಬದ ಮೇಲೆ ಕೂರಿಸಿದ್ದಾರೆ. ವಿಟಾಲಿಯಾನಸ್ ಕಲ್ಲು ಅದಕ್ಕಿಂತ ಶತಮಾನಗಳಷ್ಟು ಹಳೆಯದು, ಅದರಲ್ಲಿರುವುದು ಬರಹ ಮಾತ್ರ.

ಓವೆನ್ ಹೇಳುವಂತೆ ಹಕ್ಕಿ ಕೂಗುವವರೆಗೆ ಪಾದ್ರಿ ಬಲಿಪೂಜೆ (ಚರ್ಚಿನ ಮಾಸ್ ಪ್ರಾರ್ಥನೆ) ಶುರುಮಾಡುತ್ತಿರಲಿಲ್ಲ. ಒಂದು ವರ್ಷ ಅದು ಬಹಳ ತಡವಾಗಿ ಬಂತು, ಕಲ್ಲಿನ ಮೇಲೆ ಕೂತು ಕೂಗಲೂ ತ್ರಾಣವಿಲ್ಲದೆ ಸತ್ತು ಬಿತ್ತು. ಎಷ್ಟು ಸಂಕಟದ ಕಥೆ! ದಿನಾಂಕವನ್ನು ಅಳೆಯುವಾಗ ಒಂದು ಎಚ್ಚರ: ಓವೆನ್ ಕಾಲದಲ್ಲಿ ಅಲ್ಲಿ ಜೂಲಿಯನ್ ಪಂಚಾಂಗವಿತ್ತು. ಆಗಿನ ಏಪ್ರಿಲ್ 7 ಎಂದರೆ ಈಗಿನ 17. ಕುಕೂ ವೇಲ್ಸಿಗೆ ಬರುವುದು ಏಪ್ರಿಲ್ ಮಧ್ಯದ ಹೊತ್ತಿಗೇ, ಹಾಗಾಗಿ ಹಳೆಯ ಲೆಕ್ಕಕ್ಕೆ ಕಥೆ ಚೆನ್ನಾಗಿ ಹೊಂದುತ್ತದೆ.

ಲಿಪಿರೇಖೆ: ಓಗಮ್‌ಗೆ ಕಲ್ಲಿನ ಅಂಚೇ ನಡುಗೆರೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಅಂಚಿನ ಬಲಕ್ಕೆ 1ರಿಂದ 5 ಗೀರು ಬಂದರೆ ಬಿ, ಎಲ್, ವಿ, ಎಸ್, ಎನ್. ಎಡಕ್ಕೆ ಬಂದರೆ ಎಚ್, ಡಿ, ಟಿ, ಸಿ, ಕ್ಯೂ. ಅಂಚನ್ನು ಓರೆಯಾಗಿ ದಾಟಿದರೆ ಎಂ, ಜಿ ಮುಂತಾದವು. ಅಂಚಿನ ಮೇಲಿನ ಚಿಕ್ಕ ಕಚ್ಚುಗಳು ಸ್ವರಗಳು: ಎ, ಓ, ಯು, ಇ, ಐ.

ಕಲ್ಲಿನ ಮೇಲಿರುವ 'ವಿಟಾಲಿಯಾನಿ'ಗೆ (ಎಂದರೆ 'ವಿಟಾಲಿಯಾನಸ್‌ನ') ಹೀಗೆ ಬರುತ್ತದೆ: ಬಲಕ್ಕೆ 3, ಕಚ್ಚು 5, ಎಡಕ್ಕೆ 3, ಕಚ್ಚು 1, ಬಲಕ್ಕೆ 2, ಕಚ್ಚು 5, ಕಚ್ಚು 1, ಬಲಕ್ಕೆ 5, ಕಚ್ಚು 5. ಎಡವಟ್ಟಾಗುವುದು ಹೆಚ್ಚಾಗಿ ಸ್ವರಗಳಲ್ಲೇ. 5 ಕಚ್ಚಿನ ಹಿಂದೆಯೇ 1 ಬಂದಾಗ ನಡುವಿನ ಅಂತರ ಸವೆದಿದ್ದರೆ ಆರು ಕಚ್ಚಿನಂತೆ ಕಾಣುತ್ತದೆ. ಓಗಮ್‌ನಲ್ಲಿ ಆರರ ಅಕ್ಷರವೇ ಇಲ್ಲ, ಅಲ್ಲಿ ಒಡೆದು ಓದಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದ ಫೋಟೋ ಉಪಯೋಗಕ್ಕಿಲ್ಲ, ನೆರಳೇ ಬೀಳುವುದಿಲ್ಲ. ಪಕ್ಕದಿಂದ ಬೆಳಕು ಸವರಿಕೊಂಡು ಹೋದ ಚಿತ್ರ ಹುಡುಕಿ. ಸೀಮೆಸುಣ್ಣ ತುಂಬಿ ತೆಗೆದದ್ದನ್ನು ನಂಬಬೇಡಿ, ತುಂಬಿದವರ ಊಹೆಯೂ ಅಕ್ಷರವಾಗಿ ಕಾಣುತ್ತದೆ.

ಹಳೆಗಲ್ಲು: ಅಭ್ಯಾಸಕ್ಕೆ ಚರ್ಚಿನೊಳಗಿನ ಮ್ಯಾಗ್ಲೊಕುನಸ್ ಕಲ್ಲನ್ನೂ ನೋಡಿ. ವಿಟಾಲಿಯಾನಸ್ ಕಲ್ಲಿನಂತೆ ಅದರಲ್ಲೂ ಓಗಮ್ ಜೊತೆಗೆ ಲ್ಯಾಟಿನ್ ಬರಹವಿದೆ, ಒಂದರಿಂದ ಇನ್ನೊಂದನ್ನು ತಾಳೆ ನೋಡಬಹುದು. ಅದನ್ನು ಕಿಟಕಿಯ ಹಾಸುಗಲ್ಲಾಗಿ ಅಡ್ಡ ಮಲಗಿಸಿದ್ದಾರೆ, ಆದ್ದರಿಂದ ಮೊದಲು ಫೋಟೋ ತಿರುಗಿಸಿ ಕಲ್ಲನ್ನು ನಿಲ್ಲಿಸಿಕೊಳ್ಳಿ. ಇಲ್ಲದಿದ್ದರೆ ಎಡ-ಬಲದ ಅಕ್ಷರಗಳು ಅದಲುಬದಲಾಗುತ್ತವೆ.