ಪದ ಬೇಕು: ಫಲ್ಕ್ರಮ್ (ಇವತ್ತು ಸಂಜೆ ಐದರೊಳಗೆ)

ಎಲ್ಲರಿಗೂ ನಮಸ್ಕಾರ,

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಸನ್ನೆಯ (ಲಿವರ್) ಬಗ್ಗೆ ಒಂದು ಫಲಕ ಬರೆಯುತ್ತಿದ್ದೇನೆ. ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ಮೂರು ಚಿತ್ರಗಳಿವೆ: ಕತ್ತರಿ, ಒಂಟಿ ಚಕ್ರದ ಕೈಗಾಡಿ, ಚಿಮಟ. ಫಲ್ಕ್ರಮ್, ಅಂದರೆ ಸನ್ನೆ ಯಾವ ಜಾಗದ ಸುತ್ತ ತಿರುಗುತ್ತದೋ ಅದು, ಇರುವ ಕಡೆ ಕೆಂಪು ಚುಕ್ಕೆ. ಅದರ ಪಕ್ಕ 'ಆಧಾರ ಬಿಂದು' ಅಂತ ಹಾಕಿದ್ದೆ. ಕರಡು ನೋಡಿದ ಹುಡುಗಿಯೊಬ್ಬಳು ಕತ್ತರಿಯ ಮೇಲೆ ಬೆರಳಿಟ್ಟು "ಇಲ್ಲಿ ಯಾವುದು ಯಾವುದಕ್ಕೆ ಆಧಾರ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೊಂದು ತೊಡಕು. ಕತ್ತರಿಯ ಹಿಡಿ ಒತ್ತುವ ಬಾಣ ಎಡಕ್ಕಿದೆ. ಅದರ ಮೇಲೆ ದಪ್ಪಕ್ಷರದಲ್ಲಿ 'ಬಲ'. ನೋಡಿದವರೆಲ್ಲ ನಗುತ್ತಿದ್ದಾರೆ.

ಉ:
ಆಧಾರ ಬಿಂದು ಸರಿಯಾಗಿಯೇ ಇದೆ. ರೂಢಿಯಲ್ಲಿರುವ ಪದ ಕಿತ್ತು ಹೊಸದು ನೆಡುವ ಚಟ ಯಾಕೆ?

ಉ:
> ಹೊಸದು ನೆಡುವ ಚಟ

ಹೊಸದಲ್ಲ ಸ್ವಾಮಿ, ಹಳೆಯದೇ ಇದೆ: 'ಒತ್ತು'. ಕುಂಟುವ ಮೇಜಿನ ಕಾಲಡಿ ಇಡುವುದು ಒತ್ತು. ಅಕ್ಷರದ ಅಡಿ ಕೂರುವುದೂ ಒತ್ತೇ. ಹಾರೆಯಿಂದ ಬಂಡೆ ಮೀಟುವಾಗ ಹಾರೆಯಡಿ ಒಂದು ಕಲ್ಲು ಒತ್ತು ಕೊಡುತ್ತಾರಲ್ಲ, ಅದೇ ಫಲ್ಕ್ರಮ್. ಒತ್ತು, ಒತ್ತಡ, ಒತ್ತಾಸೆ, ಎಲ್ಲ ಒಂದೇ ಬಳ್ಳಿಯ ಕಾಯಿ. ಲ್ಯಾಟಿನ್ನಿನಲ್ಲಿ ಫಲ್ಕ್ರಮ್ ಅಂದರೆ ಮಂಚದ ಕಾಲು. ಅವರಿಗೆ ಮಂಚದ ಕಾಲು ನಡೆಯುತ್ತದೆ, ನಮಗೆ ಮಾತ್ರ ಸಂಸ್ಕೃತವೇ ಆಗಬೇಕು!

ಉ:
ಒತ್ತು ಬೇಡ. ಒತ್ತು ಕೊಡುವುದು ಅಲುಗಾಡದಿರಲಿ ಅಂತ. ಇಲ್ಲಿ ತಿರುಗುವುದೇ ಕೆಲಸ, ಅಲ್ವಾ? ಅದೇ ಹಾರೆ ತೆಗೆದುಕೊಳ್ಳಿ. ಈಚೆ 20 ಸೆಂ.ಮೀ. ದೂರದಲ್ಲಿ 100 ಕೆ.ಜಿ. ಭಾರ, ಆಚೆ 1 ಮೀಟರ್ ದೂರದಲ್ಲಿ ಕೈ. ಹಾರೆಯ ತೂಕ ಬಿಟ್ಟರೆ 20 ಕೆ.ಜಿ. ತೂಕದಷ್ಟು ಅದುಮಿದರೆ ಸಾಟಿಯಾಯಿತು. ಎರಡು ದೂರವನ್ನೂ ಅಳೆಯುವುದು ಹಾರೆ ತಿರುಗುವ ಜಾಗದಿಂದ. ಅಡಿಯಲ್ಲಿ ಕಲ್ಲಿದೆಯೋ ಕಟ್ಟಿಗೆಯಿದೆಯೋ ಯಾರೂ ಕೇಳುವುದಿಲ್ಲ. ಕೈಗಾಡಿಯಲ್ಲಿ ಅದು ಚಕ್ರದ ಅಚ್ಚು. ಕತ್ತರಿಯಲ್ಲಿ ನಡುವಿನ ತಿರುಪು. ಚಿಮಟದಲ್ಲಿ ಎರಡು ಕಾಲು ಕೂಡುವ ತುದಿ, ಅದರ ಅಡಿಯಲ್ಲಿ ಏನೂ ಇಲ್ಲ. 'ತಿರುಗುಣಿ' ಅನ್ನಿ, ಮೂರಕ್ಕೂ ಹೊಂದುತ್ತದೆ.

ಉ:
ತಿರುಗುಣಿ ಬಾಗಿಲಿನದು. ಇರಲಿ. 'ಬಲ'ವನ್ನಾದರೂ ತೆಗೆದು 'ಕಸುವು' ಹಾಕಿ. ಅಚ್ಚಗನ್ನಡ, ನಗುವವರೂ ಇರುವುದಿಲ್ಲ.

ಉ:
ಗೋಡೆಗೆ ಒರಗಿಸಿದ ಏಣಿ ಗೋಡೆಯನ್ನು ತಳ್ಳುತ್ತಲೇ ಇರುತ್ತದೆ. ಏಣಿಗೆ ಕಸುವಿದೆ ಅನ್ನುತ್ತೀರಾ? ಕಸುವು ಮೈಯಲ್ಲಿ ಇರುವಂಥದ್ದು. ಬಲ ಒಂದು ಇನ್ನೊಂದರ ಮೇಲೆ ಹಾಕುವಂಥದ್ದು. ಮತ್ತೆ, ತಮಿಳಿನಲ್ಲಿ ಬಲಗಡೆಗೆ 'ವಲ', ಶಕ್ತಿಗೆ 'ವಲಿ'. ಹಾಗಾಗಿ ಬಲ ಪೂರ್ತಿ ಸಂಸ್ಕೃತದ್ದೇ ಅಂತ ಸುಮ್ನೆ ಬರೆದುಕೊಟ್ಟುಬಿಡಬೇಡಿ.

ಉ:
ಶುರುವಾಯಿತು. ಒತ್ತಡದ ಮಾನ ಪಾಸ್ಕಲ್, ಅಂದರೆ ಚದರ ಮೀಟರಿಗೆ 1 ನ್ಯೂಟನ್. ಒಬ್ಬ ಫ್ರೆಂಚ್, ಒಬ್ಬ ಇಂಗ್ಲಿಷ್, ಮೀಟರ್ ಬೇರೆ. ಎಲ್ಲವನ್ನೂ ಅಚ್ಚಗನ್ನಡ ಮಾಡಿ ನೋಡೋಣ. ಎರವಲು ಅಂದರೆ ಮೈಲಿಗೆಯಲ್ಲ. 'ಸನ್ನೆ' ನೋಡಿದ ಮಗು ಕಣ್ಸನ್ನೆ ಅಂದುಕೊಂಡೀತು ಅಂತ ಅದನ್ನೂ ಬಿಡಿಸುತ್ತೀರಾ?

ಉ:
ಬಿಡಿಸಬೇಕು. 'ಮೀಟುಗೋಲು' ಇದೆಯಲ್ಲ.

ಉ:
ಐದಕ್ಕೆ ಹತ್ತು ನಿಮಿಷವಿದೆ. ಮೀಟುಗೋಲು ಮುಂದಿನ ಸಲ ನೋಡೋಣ. ಚುಕ್ಕೆಗೆ 'ತಿರುಗುಣಿ' ಹಾಕಿ ಕಳಿಸಿದೆ. ಆ ಹುಡುಗಿಗೂ ತೋರಿಸಿದೆ, ಏನೂ ಕೇಳದೆ ತಲೆಯಾಡಿಸಿದಳು. ಬಾಣಕ್ಕೆ ಬೇರೆ ದಾರಿ ಹೊಳೆಯದೆ ಕತ್ತರಿಯ ಚಿತ್ರವನ್ನೇ ಎಡಬಲ ಮಗುಚಿದೆವು. ಈಗ 'ಬಲ' ಬಲಕ್ಕೇ ಇದೆ. ಎಲ್ಲರಿಗೂ ವಂದನೆ.

ಉ:
ಮಗುಚಿದ ಕತ್ತರಿ ಎಡಚರ ಕತ್ತರಿ ಆಗುತ್ತದೆ. ನೋಡಿಕೊಂಡಿರಾ?