ಸಹಾಯ ಬೇಕು: ಹಳೆಯ ಔಟ್‌ಬೋರ್ಡ್ ಮೋಟಾರಿನ ಒಂದು ಸಿಲಿಂಡರಿಗೆ ಕಿಡಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಹಾರಂಗಿ ಹಿನ್ನೀರಿನ ಪಕ್ಕದಲ್ಲಿದ್ದು, ತಂದೆಯವರು ಬಳಸುತ್ತಿದ್ದ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್) ಮತ್ತೆ ಓಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಮಳೆಗಾಲವಿಡೀ ಶೆಡ್ಡಿನಲ್ಲಿದ್ದ ಅದರ ಮೇಲಿನ ಸಿಲಿಂಡರಿಗೆ ನೀಲಿ ಕಿಡಿ ಚೆನ್ನಾಗಿ ಬರುತ್ತಿದೆ. ಕೆಳಗಿನದಕ್ಕೆ ಬರುತ್ತಲೇ ಇಲ್ಲ. ಪ್ಲಗ್ಗುಗಳನ್ನು ಅದಲುಬದಲು ಮಾಡಿದರೂ ಅದೇ ಸ್ಥಿತಿ, ಹಾಗಾಗಿ ದೋಷ ಪ್ಲಗ್ಗಿನದಲ್ಲ.

ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಅಡಿಯಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಪಾಯಿಂಟ್ (ವಿದ್ಯುತ್ತನ್ನು ಕೂಡಿಸಿ ಕಡಿಯುವ ಸ್ವಿಚ್), ಕಂಡೆನ್ಸರ್ ಮತ್ತು ಕಾಯಿಲ್ ಇರುವ, ಆಯಸ್ಕಾಂತದಿಂದ ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ವ್ಯವಸ್ಥೆ ಇದಾದ್ದರಿಂದ, ನಮ್ಮ ಕೊಡಗಿನ ಮಳೆಯ ತೇವಕ್ಕೆ ಪಾಯಿಂಟಿನ ಮುಖಗಳಲ್ಲಿ ಕಿಲುಬು ಕಟ್ಟಿ, ವಿದ್ಯುತ್ ಸರಿಯಾಗಿ ಹರಿಯುತ್ತಿಲ್ಲವೆಂದು ನನ್ನ ಅನುಮಾನ. ಅವನ್ನು ಉಜ್ಜಿ ಸ್ವಚ್ಛಗೊಳಿಸಿ, ಫೀಲರ್ ಗೇಜಿನಿಂದ ಅಂತರ ಹೊಂದಿಸಲು ಸಿದ್ಧನಿದ್ದೇನೆ. ಆದರೆ ಫ್ಲೈವೀಲ್ ಬಿಗಿಯಾಗಿ ಕಚ್ಚಿಕೊಂಡಿದೆ. ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕ್‌ಶಾಫ್ಟಿಗೂ ಒಳಗಿನ ಆಯಸ್ಕಾಂತಕ್ಕೂ ಪೆಟ್ಟಾಗುವ ಭಯವಿರುವುದರಿಂದ ನಾನು ಅದಕ್ಕೆ ಕೈಹಾಕಿಲ್ಲ.

ಕುಶಾಲನಗರ, ಮಡಿಕೇರಿ ಅಥವಾ ಮೈಸೂರಿನಲ್ಲಿ ಇದಕ್ಕೆ ಹೊಂದುವ ಪುಲ್ಲರ್ (ಫ್ಲೈವೀಲನ್ನು ಎಳೆದು ಕಳಚುವ ಉಪಕರಣ) ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಂದು ದಿನದ ಮಟ್ಟಿಗೆ ಕೊಟ್ಟರೂ ಸಾಕು, ಬಾಡಿಗೆ ಕೊಡುತ್ತೇನೆ. ಕಂಡೆನ್ಸರ್ ಕೆಟ್ಟಿದ್ದರೆ ಹಳೆಯ ಸ್ಕೂಟರಿನ ಕಂಡೆನ್ಸರನ್ನು ಅದರ ಜಾಗದಲ್ಲಿ ಹಾಕಬಹುದೇ, ಕಾಯಿಲನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿದರೆ ಸಾಕೇ ಎಂಬುದನ್ನೂ ಅನುಭವವುಳ್ಳವರು ವಿವರಿಸಬೇಕಾಗಿ ವಿನಂತಿ.