ದೇಶದ ಸಾಲಕ್ಕೂ ನಮ್ಮ ಹೊಳೆಗೂ ಏನು ಸಂಬಂಧ?

ಪ್ರಶ್ನೆ (ಬಿ.ಎ. ವಿದ್ಯಾರ್ಥಿ, ಬಾಗಲಕೋಟೆ): ಮೇಡಂ, ದೇಶದ ವಿದೇಶಿ ಸಾಲ ಹೆಚ್ಚಾದಷ್ಟೂ ಪರಿಸರ ಕೆಡುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರು. ಸಾಲ ಮಾಡೋದು ದಿಲ್ಲಿಯಲ್ಲಿ, ಕೆಡೋದು ಇಲ್ಲಿಯ ಹೊಳೆ. ಹೇಗೆ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ, ವಿಜಯಪುರ): ಅಷ್ಟು ಸರಳ ಇಲ್ಲಪ್ಪ. ಸಾಲ ತಂದು ಏನು ಮಾಡಿದೆವು, ತೀರಿಸೋಕೆ ಏನು ಮಾರಿದೆವು ಅನ್ನೋದನ್ನು ನೋಡಬೇಕು. ವಿದೇಶಿ ಸಾಲವನ್ನು ಹೆಚ್ಚಾಗಿ ಡಾಲರಿನಲ್ಲೇ ತೀರಿಸಬೇಕು. ನಮ್ಮ ನೋಟು ಅಚ್ಚು ಹಾಕಿ ಕೊಡೋಕಾಗಲ್ಲ. ಹೊರಗೆ ಏನಾದರೂ ಮಾರಬೇಕು. ಬೇರೇನೂ ಇಲ್ಲದ ದೇಶ ಅದಿರು ಮಾರುತ್ತದೆ, ಮರ ಮಾರುತ್ತದೆ.

ನಮ್ಮ ರಾಜ್ಯದ ಕುದುರೆಮುಖವನ್ನೇ ನೋಡು. 1970ರ ದಶಕದಲ್ಲಿ ಅಲ್ಲಿಯ ಕಬ್ಬಿಣದ ಅದಿರಿನ ಗಣಿಗೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತ್ತು. ಅದಿರೂ ಅವರಿಗೇ ಹೋಗಬೇಕಿತ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಸಾಲ ಅರ್ಧಕ್ಕೇ ನಿಂತಿತು, ಅದಿರು ಒಯ್ಯುವವರೂ ಇಲ್ಲ. ಗಣಿ ಮಾತ್ರ ಉಳಿಯಿತು. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ, ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿ ತೆಗೆದದ್ದೇ ತೆಗೆದದ್ದು. ಮಳೆಗಾಲ ಬಂತೆಂದರೆ ಅಗೆದ ಗುಡ್ಡದ ಮಣ್ಣು ಭದ್ರಾ ನದಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2005ರ ಕೊನೆಗೆ ಗಣಿ ಬಂದ್ ಆಯಿತು.

ವಿದ್ಯಾರ್ಥಿ: ಹಾಗಾದರೆ ಆಲಮಟ್ಟಿ? ಅದಕ್ಕೂ ವಿಶ್ವಬ್ಯಾಂಕ್ ಸಾಲ ಇತ್ತಲ್ವಾ? ನಮ್ಮ ಅಜ್ಜನ ಮನೆ ಮುಳುಗಡೆಯಲ್ಲಿ ಹೋಯಿತು.

ಉತ್ತರ: ಆಲಮಟ್ಟಿ ಅಣೆಕಟ್ಟು ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಗೆ ಇತ್ತು. ಆದರೆ ಅಲ್ಲಿ ಇನ್ನೊಂದು ಮುಖವೂ ಇದೆ. ಪುನರ್ವಸತಿ ಸರಿಯಾಗಿ ಆಗುತ್ತಿಲ್ಲ ಅಂತ ಬ್ಯಾಂಕ್ ನಡುವೆ ಹಣ ತಡೆಹಿಡಿಯಿತು. ಪೂರ್ತಿ ನಮ್ಮದೇ ದುಡ್ಡಾಗಿದ್ದರೆ ಅಷ್ಟೂ ಕೇಳುವವರು ಇರುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ. ಹಾಗಂತ ಬ್ಯಾಂಕನ್ನು ಹೊಗಳೋದೂ ಬೇಡ, ಊರುಗಳು ಮುಳುಗುತ್ತವೆ ಅಂತ ಗೊತ್ತಿದ್ದೇ ಸಾಲ ಕೊಟ್ಟಿದ್ದು.

ಇನ್ನೊಬ್ಬರು (ಜಮಖಂಡಿ): ಮೇಡಂ, ನಮ್ಮ ಬೆಳೆಸಾಲ ಮನ್ನಾ ಮಾಡಿದ ಹಾಗೆ ದೇಶದ ಸಾಲಾನೂ ಮನ್ನಾ ಮಾಡಿ ಕಾಡು ಉಳಿಸಬಹುದಲ್ರೀ?

ಉತ್ತರ: ಮಾಡಿದ್ದಾರೆ ಸರ್. 1987ರಲ್ಲಿ ಬೊಲಿವಿಯಾದ 6.5 ಲಕ್ಷ ಡಾಲರ್ ಸಾಲವನ್ನು ಅಮೆರಿಕದ ಒಂದು ಪರಿಸರ ಸಂಸ್ಥೆ ಸಾಲ ಕೊಟ್ಟವರಿಂದ ಬರೀ 1 ಲಕ್ಷ ಡಾಲರಿಗೆ ಕೊಂಡು ಮನ್ನಾ ಮಾಡಿತು. ಬದಲಿಗೆ ಆ ದೇಶ ತನ್ನ ಬೇನಿ ಕಾಡನ್ನು ಕಾಪಾಡಲು ಒಪ್ಪಿತು. 2023ರಲ್ಲಿ ಈಕ್ವೆಡಾರ್ ಸುಮಾರು 160 ಕೋಟಿ ಡಾಲರಿನ ಹಳೇ ಸಾಲಪತ್ರಗಳನ್ನು 65 ಕೋಟಿ ಚಿಲ್ಲರೆ ಹೊಸ ಸಾಲದಲ್ಲಿ ತೀರಿಸಿತು. ಉಳಿದದ್ದರಲ್ಲಿ ಒಂದು ಪಾಲು ಅದರ ಗಲಾಪಗೋಸ್ ದ್ವೀಪಗಳ ಸುತ್ತಲಿನ ಸಮುದ್ರದ ರಕ್ಷಣೆಗೆ.

ಆದರೆ ವಾಪಸ್ ಬರುತ್ತೋ ಇಲ್ಲವೋ ಅನ್ನೋ ಸಾಲ ಮಾತ್ರ ಹೀಗೆ ಅಗ್ಗಕ್ಕೆ ಸಿಗುತ್ತದೆ. ಭಾರತದ ವಿದೇಶಿ ಸಾಲ ಜಿಡಿಪಿಯ ಐದನೇ ಒಂದು ಭಾಗದ ಆಸುಪಾಸು, ಕಂತೂ ತಪ್ಪದೆ ಕಟ್ಟುತ್ತಿದ್ದೇವೆ. ನಮ್ಮ ಸಾಲಪತ್ರವನ್ನು ಅರ್ಧ ಬೆಲೆಗೆ ಯಾರು ಮಾರ್ತಾರೆ ಹೇಳಿ?